ಮೇಲಿನ ಗದ್ದೆಯ ಡಯಂಚ

ಬಸ್ಸಿನಲ್ಲಿ ಕಿಟಕಿಯ ಪಕ್ಕ ಜಾಗ ಸಿಕ್ಕಿದರೆ ಕೆಲವರು ತೂಕಡಿಸುತ್ತಾರೆ, ಕೆಲವರು ಮೊಬೈಲು ನೋಡುತ್ತಾರೆ. ನಾನು ಕಂಡವರ ಗದ್ದೆಯ ಕಳೆ ನೋಡುತ್ತೇನೆ. ಇದು ಒಳ್ಳೆಯ ಚಾಳಿಯಲ್ಲ ಎಂದು ನನಗೂ ಗೊತ್ತು. ಕರೆಯದೆ ಒಬ್ಬರ ಅಡುಗೆಮನೆಗೆ ಇಣುಕಿದ ಹಾಗೆ. ಆದರೆ ಏನು ಮಾಡಲಿ, ಕೆ.ಆರ್. ನಗರದಿಂದ ಹುಣಸೂರು ಮುಟ್ಟುವಷ್ಟರಲ್ಲಿ ಯಾವ ಅಣ್ಣತಮ್ಮಂದಿರು ಭಾಗಕ್ಕಾಗಿ ಕಿತ್ತಾಡುತ್ತಿದ್ದಾರೆ, ಯಾವ ಯಜಮಾನ ಪಂಚಾಯಿತಿ ಚುನಾವಣೆಯ ಓಡಾಟದಲ್ಲಿದ್ದಾನೆ, ಯಾರು ಗದ್ದೆಯನ್ನು ವಾರಕ್ಕೆ, ಅಂದರೆ ಬೆಳೆಯ ಪಾಲಿಗೆ, ಬೇರೆಯವರಿಗೆ ಕೊಟ್ಟು ಕೈತೊಳೆದುಕೊಂಡಿದ್ದಾರೆ ಎಂಬುದನ್ನೆಲ್ಲ ಕಳೆಯೇ ಹೇಳಿಬಿಡುತ್ತದೆ. ಭತ್ತದ ಮೇಲೆ ಒಂದು ಗಿಡ ಕತ್ತೆತ್ತಿ ನಿಂತಿದ್ದರೆ ಆ ಗದ್ದೆಯ ಹಿಂದಿನ ಮನೆಯಲ್ಲಿ ಏನೋ ನಡೆದಿದೆ ಎಂದೇ ಲೆಕ್ಕ.

ಹಾಗೆ ಕತ್ತೆತ್ತುವ ಗಿಡಗಳಲ್ಲಿ ನನಗೆ ಬಹಳ ಹಳೆಯ ಪರಿಚಯದ್ದು ಡಯಂಚ. ನೋಡದವರಿಗೆ ಹೇಳುತ್ತೇನೆ: ಹುಣಸೆಯಂಥ ಸಣ್ಣೆಲೆ, ಹಳದಿ ಹೂ, ಹುರಿಯ ಹಾಗೆ ಸಪೂರವಾದ ಉದ್ದ ಕಾಯಿ. ಸುಮ್ಮನೆ ಬಿಟ್ಟರೆ ಆಳೆತ್ತರ ಮೀರುತ್ತದೆ. ಅವರೆ, ತೊಗರಿ, ಹುರುಳಿಗಳ ದಾಯಾದಿ. ಕಿತ್ತು ಬೇರನ್ನು ನೀರಿನಲ್ಲಿ ಅಲ್ಲಾಡಿಸಿದರೆ ಸಾಸಿವೆ ಕಾಳಿನಂಥ, ಮೆಣಸಿನ ಕಾಳಿನಂಥ ಗಂಟುಗಳು ಕಾಣುತ್ತವೆ. ಉಗುರಲ್ಲಿ ಸೀಳಿದರೆ ಒಳಗೆ ನಸುಗೆಂಪು. ಗಾಳಿಯಲ್ಲಿರುವ ಸಾರವನ್ನು ಹಿಡಿದು ಮಣ್ಣಿಗೆ ಕೊಡುವ ಗಂಟುಗಳು ಅವು. ಅದಕ್ಕೇ ಬೇಸಿಗೆ ಮಳೆ ಬಿದ್ದ ಕೂಡಲೇ ನಾವೇ ಬೀಜ ತಂದು ಎರಚುತ್ತೇವೆ, ಹೂ ಬಿಡುವ ಮೊದಲೇ ಗದ್ದೆಗೆ ಉತ್ತು ಕೊಳೆಸುತ್ತೇವೆ. ಹತ್ತು ಗಾಡಿ ಕೊಟ್ಟಿಗೆ ಗೊಬ್ಬರ ಹೊತ್ತು ಹಾಕುವ ಬದಲು ಇದೊಂದು ಹಗುರವಾದ ದಾರಿ. ಆದರೆ ಉಳುವುದು ಸ್ವಲ್ಪ ತಡವಾಯಿತೋ, ಕಾಂಡ ಬಲಿತು ಸೌದೆಯಾಗುತ್ತದೆ, ಕಾಯಿ ಒಣಗಿ ಸಿಡಿಯುತ್ತದೆ. ಮುಂದಿನ ಭತ್ತದಲ್ಲಿ ಅದೇ ಗಿಡ ಕಳೆಯಾಗಿ ಎದ್ದು ಬರುತ್ತದೆ. ಹೂವಿನ ಈಚೆಗೆ ಗೊಬ್ಬರ, ಹೂವಿನ ಆಚೆಗೆ ಗೋಳು. ಗಿಡ ಅದೇ, ಬೇರೂ ಅದೇ. ತಪ್ಪಿದ್ದು ನಮ್ಮ ಹೊತ್ತು. ಮನುಷ್ಯರಲ್ಲೂ ಇಂಥವರನ್ನು ನೋಡಿದ್ದೇನೆ. ಹೆಸರು ಹೇಳಿದರೆ ಅವರು ನನ್ನ ಹತ್ತಿರ ಅವರೆಕಾಯಿ ಕೊಳ್ಳುವುದನ್ನು ನಿಲ್ಲಿಸುತ್ತಾರೆ.

ಈಗ ಇಷ್ಟು ಬುದ್ಧಿ ಹೇಳುವ ನಾನು, ಮೊದಲ ಸಲ ಡಯಂಚವನ್ನು ಕಂಡಾಗ ಮಾಡಿದ್ದೇನು ಎಂದು ಕೇಳಿದರೆ ನೀವು ನಗುತ್ತೀರಿ. ನನ್ನ ತವರು ಎಚ್.ಡಿ. ಕೋಟೆ ಕಡೆಯ ಮಳೆ ನಂಬಿದ ಊರು. ಅಲ್ಲಿ ರಾಗಿಯ ನಡುವೆ ಒಂದು ಅವರೆ ಗಿಡ ತಾನಾಗಿ ಹುಟ್ಟಿದರೂ ಸುತ್ತ ಮಣ್ಣು ಏರಿಸಿ ಕಾಪಾಡುತ್ತಿದ್ದೆವು. ಕಾಯಿ ಕಟ್ಟುವ ಗಿಡ ಕಿತ್ತರೆ ಕೈಯ ಬರಕತ್ತು ಹೋಗುತ್ತದೆ ಎಂದು ನಮ್ಮವ್ವ ಹೇಳಿಕೊಟ್ಟಿದ್ದಳು. ಆ ಪಾಠವನ್ನು ಹೊತ್ತುಕೊಂಡು ನಾಲೆ ನೀರಿನ ಊರಿಗೆ, ಕೆ.ಆರ್. ನಗರದ ಪಕ್ಕಕ್ಕೆ, ಸೊಸೆಯಾಗಿ ಬಂದೆ. ಮೊದಲ ವರ್ಷ ಕಳೆ ಕೀಳುವ ದಿನ ಅತ್ತೆ ನನ್ನನ್ನೂ ಸಾಲಿನಲ್ಲಿ ನಿಲ್ಲಿಸಿದರು. ಮಂಡಿಯುದ್ದ ಕೆಸರು, ಸೆರಗು ಸೊಂಟಕ್ಕೆ. ನಾನು ಹುಲ್ಲು ಕಿತ್ತೆ, ಜೊಂಡು ಕಿತ್ತೆ, ಡಯಂಚ ಬಂದಾಗ ಮಾತ್ರ ಮಕ್ಕಳನ್ನು ದಾಟುವ ಹಾಗೆ ಪಕ್ಕಕ್ಕೆ ಹೆಜ್ಜೆಯಿಟ್ಟು ದಾಟಿದೆ. ಒಂದೆರಡು ಬಾಗಿದ್ದನ್ನು ನೆಟ್ಟಗೆ ಮಾಡಿ ಬುಡ ಒತ್ತಿದ್ದೂ ಉಂಟು.

ಸಾಲು ಮುಗಿದ ಮೇಲೆ ತಿರುಗಿ ನೋಡಿದರೆ ಗದ್ದೆಯೆಲ್ಲ ಕಳೆಯಿಲ್ಲದೆ ಚೊಕ್ಕ, ನಾನು ಬಂದ ದಾರಿಯಲ್ಲಿ ಮಾತ್ರ ಡಯಂಚಗಳು ಪೋಲೀಸರ ಹಾಗೆ ಸಾಲಾಗಿ ನಿಂತಿವೆ. ನನ್ನ ಪಕ್ಕದ ಸಾಲಿನಲ್ಲಿದ್ದವಳು ಚಿಕ್ಕತಾಯಿ. ಅವಳೂ ಆ ವರ್ಷವೇ ಮದುವೆಯಾಗಿ ಬಂದವಳು, ನಮ್ಮ ಮೇಲಿನ ಗದ್ದೆಯವರ ಸೊಸೆ. ಮೊದಲು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆಮೇಲೆ, ಅತ್ತೆ ಎಲೆಅಡಿಕೆ ಹಾಕಿಕೊಳ್ಳಲು ಬದುವಿನ ಕಡೆ ತಿರುಗಿದ ಹೊತ್ತಿನಲ್ಲಿ ಕೆಸರಿಗೆ ಇಳಿದು, ನನ್ನ ಸಾಲಿನ ಡಯಂಚಗಳನ್ನೆಲ್ಲ ಸರಸರನೆ ಕಿತ್ತು ಬದುವಿನಾಚೆ ಎಸೆದಳು. ಬಂದು ನಿಂತು, ನಿಮ್ಮೂರಲ್ಲಿ ಮುಳ್ಳಿಗೂ ಪೂಜೆ ಮಾಡ್ತೀರಾ ಹೆಂಗೆ ಎಂದು ಕೇಳಿದಳು. ನಮ್ಮ ಸ್ನೇಹ ಶುರುವಾದದ್ದು ಹಾಗೆ.

ಆ ಕಾಲದಲ್ಲಿ ನಮ್ಮಲ್ಲಿ ಕೂಲಿಗಿಂತ ಮುಯ್ಯಾಳಿನ ವಾಡಿಕೆಯೇ ಹೆಚ್ಚು. ಇವತ್ತು ನೀನು ನನ್ನ ಗದ್ದೆಗೆ ಬಾ, ನಾಳೆ ನಾನು ನಿನ್ನ ಗದ್ದೆಗೆ ಬರುತ್ತೇನೆ. ಬಗ್ಗಿದ ಬೆನ್ನಿಗೆ ಬಗ್ಗಿದ ಬೆನ್ನೇ ಬೆಲೆ. ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಬಾಣಂತನಕ್ಕೆ ತವರಿಗೆ ಹೋದವಳು ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಂದು ಬಾಕಿ ತೀರಿಸಿದ್ದನ್ನು ನಾನೇ ಕಂಡಿದ್ದೇನೆ. ತೀರಿಸದೆ ಉಳಿದ ಹೆಂಗಸಿಗೆ ಊರಲ್ಲಿ ಯಾರೂ ಏನೂ ಅನ್ನುತ್ತಿರಲಿಲ್ಲ, ಮುಂದಿನ ಸಲ ನಾಟಿಗೆ ಕರೆಯುತ್ತಿರಲಿಲ್ಲ ಅಷ್ಟೆ. ಅದು ಬೈಗುಳಕ್ಕಿಂತ ಕೆಟ್ಟದ್ದು.

ಚಿಕ್ಕತಾಯಿ ಮತ್ತು ನಾನು ಎಂದೂ ಪಕ್ಕಪಕ್ಕದ ಸಾಲು. ನಾಟಿ ಮಾಡುತ್ತ ಮಾಡುತ್ತ ಅವಳು ತನ್ನ ಗಂಡ ಕೆಂಪಣ್ಣನ ಗೊರಕೆಯನ್ನು ಅನುಕರಣೆ ಮಾಡುತ್ತಿದ್ದಳು. ಇಡೀ ಸಾಲು ನಕ್ಕು ಪೈರು ಓರೆಯಾಗಿ, ಆ ಗದ್ದೆಯನ್ನು ನೋಡಿದವರು ಇವರಿಗೆ ಕಣ್ಣಿಲ್ಲವೇ ಎಂದು ಕೇಳಬೇಕು. ಈಗಲೂ ಬಸ್ಸಿನಿಂದ ಎಲ್ಲಾದರೂ ಓರೆ ಸಾಲು ಕಂಡರೆ, ಇಲ್ಲಿ ಯಾರೋ ನಕ್ಕಿದ್ದಾರೆ ಎಂದುಕೊಳ್ಳುತ್ತೇನೆ. ಯಂತ್ರದ ನಾಟಿ ಬಂದ ಮೇಲೆ ಸಾಲುಗಳೆಲ್ಲ ನೆಟ್ಟಗಾಗಿವೆ.

ಇನ್ನೊಂದು ಮಾತು ಹೇಳಲೇಬೇಕು. ಆಗ ಡಯಂಚ ಈಗಿನಷ್ಟು ಉಪದ್ರವ ಕೊಡುತ್ತಿರಲಿಲ್ಲ. ಯಾಕೆ ಅಂದರೆ ಮನೆಮನೆಯಲ್ಲೂ ಸೌದೆ ಒಲೆ. ಗದ್ದೆಯಲ್ಲಿ ತಪ್ಪಿಸಿಕೊಂಡ ಗಿಡವನ್ನು ಬಲಿಯುವ ಮೊದಲೇ ಯಾರಾದರೂ ಕಿತ್ತು ಬದುವಿನ ಮೇಲೆ ಒಣಹಾಕುತ್ತಿದ್ದರು. ಕಡ್ಡಿ ಒಲೆಗೆ, ಉದ್ದ ಕಡ್ಡಿ ಬಚ್ಚಲಿನ ತಟ್ಟಿಗೆ, ಸೊಪ್ಪು ಮೇಕೆಗೆ. ಪಕ್ಕದವಳು ಕಿತ್ತುಕೊಂಡು ಹೋದಾಳು ಎಂದು ಬೆಳಗಾಗುವ ಮುಂಚೆ ಓಡುತ್ತಿದ್ದೆವು. ಗ್ಯಾಸು ಬಂತು, ತಟ್ಟಿ ಹೋಗಿ ಇಟ್ಟಿಗೆ ಗೋಡೆ ಬಂತು, ಮೇಕೆಗಳೂ ಕಡಿಮೆಯಾದವು. ಬೇಕಾದವರಿಲ್ಲದ ಗಿಡ ಕಳೆಯಾಯಿತು. ಗ್ಯಾಸು ಬೇಡ ಎನ್ನುತ್ತಿಲ್ಲ, ಆ ಹೊಗೆ ಕುಡಿದ ಕಣ್ಣು ನನ್ನದು. ಒಂದು ಕಡೆ ಲಾಭವಾದರೆ ಅದರ ನಷ್ಟ ಇನ್ನೆಲ್ಲೋ ಮೊಳೆಯುತ್ತದೆ ಎಂದು ಹೇಳಿದೆ ಅಷ್ಟೆ.

ನನ್ನ ವ್ಯಾಪಾರದ ಕಥೆಯನ್ನು ಚಿಕ್ಕದಾಗಿ ಹೇಳಿ ಮುಂದೆ ಹೋಗುತ್ತೇನೆ. ತವರಿನ ಅವರೆಕಾಯಿಯನ್ನು ಕುಕ್ಕೆಯಲ್ಲಿ ಹೊತ್ತು ಹುಣಸೂರು ಸಂತೆಯಲ್ಲಿ ಕೂತು ಶುರು ಮಾಡಿದ್ದು. ಈಗ ಹುಣಸೂರು, ಪಿರಿಯಾಪಟ್ಟಣದ ಕಡೆ ಕಾಯಿ ಗಿಡದಲ್ಲಿರುವಾಗಲೇ ಹೊಲ ನೋಡಿ ಬೆಲೆ ಮಾತಾಡಿ, ಕೀಳಿಸಿ, ಟೆಂಪೋದಲ್ಲಿ ಮೈಸೂರಿಗೆ ಕಳಿಸುತ್ತೇನೆ. ಬಿಳಿಕೆರೆಯ ರಸ್ತೆಬದಿಯಲ್ಲಿ ಕೊಡಗಿಗೆ ಹೋಗುವ ಕಾರಿನವರಿಗಾಗಿ ಒಂದು ತಟ್ಟಿ ಅಂಗಡಿಯೂ ಇದೆ. ಚೌಕಾಸಿಯಲ್ಲಿ ನನ್ನನ್ನು ಸೋಲಿಸಿದವರು ಈ ನಾಲ್ಕು ತಾಲ್ಲೂಕಿನಲ್ಲಿ ಕಡಿಮೆ. ಗುಟ್ಟು ಬೇಕಾದರೆ ಕೇಳಿ: ಬೆಲೆ ಕೇಳುವ ಮೊದಲು ಅವರ ಹಸುವಿನ ಯೋಗಕ್ಷೇಮ ಕೇಳಬೇಕು. ಹೇಳಿದ ಬೆಲೆಗೆ ಬೇಡ ಎನ್ನಬಾರದು, ಸುಮ್ಮನೆ ಚಪ್ಪಲಿ ಮೆಟ್ಟಿಕೊಳ್ಳಬೇಕು. ಮೆಟ್ಟಿಕೊಳ್ಳುವುದು ನಿಧಾನವಾಗಿರಬೇಕು.

ಹೋದ ವರ್ಷ ಚಿಕ್ಕತಾಯಿಗೆ ಮಂಡಿ ಆಪರೇಷನ್ ಆಯಿತು. ಬೇಸಿಗೆಯಲ್ಲಿ ಡಯಂಚ ಎರಚಿದ್ದಳು. ಉಳುವ ಹೊತ್ತಿಗೆ ಆಸ್ಪತ್ರೆಯಲ್ಲಿ ಮಲಗಿದ್ದಳು. ಕೆಂಪಣ್ಣ ಗೂಡ್ಸ್ ಆಟೋ ಓಡಿಸುವ ಮನುಷ್ಯ. ಸಾಧು, ಆದರೆ ಗದ್ದೆಯ ವಿಷಯದಲ್ಲಿ ಹೆಂಡತಿಯ ಬಾಯಿಂದ ಮಾತು ಬೀಳದೆ ಕಾಲು ಎತ್ತದವನು. ಅವಳು ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಗದ್ದೆ ಕಾಡಾಗಿತ್ತು. ಆ ವರ್ಷ ಭತ್ತ ಇಡಲಿಲ್ಲ, ಕಾಯೆಲ್ಲ ಒಣಗಿ ಸಿಡಿದು ಅಲ್ಲೇ ಬಿತ್ತು. ಈ ವರ್ಷ ಯಂತ್ರದಲ್ಲಿ ನಾಟಿ ಮಾಡಿಸಿದಳು. ಯಂತ್ರಕ್ಕೆ ಪೈರು ನೆಡುವುದು ಗೊತ್ತು, ಕಳೆ ಕೀಳುವುದು ಗೊತ್ತಿಲ್ಲವಲ್ಲ. ಕಾರ್ತಿಕದ ಹೊತ್ತಿಗೆ ಭತ್ತ ಕೆಳಗೆ, ಡಯಂಚ ಮೇಲೆ. ದೂರದಿಂದ ನೋಡಿದವರಿಗೆ ಡಯಂಚದ ಬೆಳೆಯಲ್ಲಿ ಭತ್ತವೇ ಕಳೆ.

ಅವಳ ಗದ್ದೆಯ ನೀರು ಬದುವಿನಲ್ಲಿ ಕಡಿದ ಮಡೆಯಿಂದ ಇಳಿದು ನನ್ನ ಗದ್ದೆಗೆ ಬರಬೇಕು. ನೀರು ಬಂದರೆ ಬೀಜವೂ ಬರುತ್ತದೆ. ನನಗೆ ಅದರ ಭಯವಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ನಿಜವಾದ ಭಯ ಹುಟ್ಟಿಸಿದವನು ಕೆಂಪಣ್ಣ. ಒಂದು ಬೆಳಿಗ್ಗೆ ಆಟೋ ನಿಲ್ಲಿಸಿ, ಇಳಿಯದೆ, ಸ್ಟೇರಿಂಗಿಗೇ ಹೇಳುವ ಹಾಗೆ ಹೇಳಿದ: ಈ ಸಲವೂ ಕಾಯಿ ಸಿಡಿದರೆ ಗದ್ದೆಯನ್ನು ವಾರಕ್ಕೆ ಕೊಟ್ಟುಬಿಡುತ್ತಾಳಂತೆ. ಕೇಳಿದವರೂ ಇದ್ದಾರಂತೆ. ಕೊಟ್ಟ ಮೇಲೆ ಅವಳು ಆ ದಾರಿಗೇ ಬರುವುದಿಲ್ಲವಂತೆ. "ಗದ್ದೆ ಹೋದ್ರೆ ಹೋಗ್ಲಿ ಅಕ್ಕಾ," ಅಂದ. "ಅವಳು ಮೂಲೇಲಿ ಕುಂತ್ಬುಟ್ಟಾಳು ಅಂತ ನಂಗೆ."

ಆಳು ಕರೆಯೋಣವೆಂದರೆ ಆಳುಗಳು ಬೆಳಗಾದರೆ ಗಾರ್ಮೆಂಟ್ಸ್ ಬಸ್ಸಿನಲ್ಲೋ ಕೊಡಗಿನ ತೋಟದ ಜೀಪಿನಲ್ಲೋ ಇರುತ್ತಾರೆ. ಔಷಧಿ ಹೊಡೆಯೋಣವೆಂದರೆ ಅದು ಎಳೆಯ ಮರಿಗೆ ಮಾತ್ರ ಸರಿ, ಮರವಾದದ್ದಕ್ಕಲ್ಲ. ಉಳಿದದ್ದು ಕೈ. ಕೈ ನನ್ನ ಹತ್ತಿರ ಇತ್ತು: ನಾನು, ನನ್ನ ಜೊತೆ ಅವರೆ ಆಯುವ ಇಬ್ಬರು ಹೆಂಗಸರು. ಈ ವರ್ಷದ ಮೊದಲ ಅವರೆಕಾಯಿ ಒಂದು ಚೀಲ ಹಿಡಿದುಕೊಂಡು ಚಿಕ್ಕತಾಯಿಯ ಮನೆಗೆ ಹೋದೆ. ಜಗಲಿಯ ಮೇಲೆ ಒಂದು ಕಾಲು ನೀಡಿಕೊಂಡು ಕೂತಿದ್ದಳು. ನಾಳೆ ನಾವು ಬಂದು ನಿನ್ನ ಡಯಂಚ ಕಿತ್ತು ಕೊಡುತ್ತೇವೆ ಅಂದೆ.

"ಬ್ಯಾಡ ಕಣಮ್ಮಿ," ಅಂದಳು.

"ಯಾಕೆ?"

"ನೀನು ಬಂದ್ರೆ ನಾನು ಯಾವತ್ತು ಬಂದು ತೀರಿಸ್ಲಿ? ಮಂಡಿ ಮಡಚಂಗಿಲ್ಲ ಅಂದವ್ರೆ ಡಾಕ್ಟ್ರು. ತೀರಿಸಾಕಾಗದ ಮುಯ್ಯಿ ನಂಗ್ಯಾಕೆ?"

ನನ್ನ ಚೌಕಾಸಿಯ ವಿದ್ಯೆಯನ್ನೆಲ್ಲ ಹೊರತೆಗೆದೆ. ಮದುವೆಯಾದ ವರ್ಷ ನನ್ನ ಸಾಲು ಕಿತ್ತುಕೊಟ್ಟೆಯಲ್ಲ, ಆ ಬಾಕಿ ನನ್ನ ಮೇಲೆ ಇದೆ ಅಂದೆ. ಅದನ್ನು ನಿನ್ನ ಮಡಿಲಿನಲ್ಲಿದ್ದ ಹುರಿಗಾಳು ತಿಂದು ಅವತ್ತೇ ತೀರಿಸಿಕೊಂಡೆ ಅಂದಳು. ನಿನ್ನ ಬೀಜ ನನ್ನ ಗದ್ದೆಗೆ ಬರುತ್ತದೆ, ನನ್ನ ಸ್ವಾರ್ಥಕ್ಕೇ ಕೀಳುತ್ತೇನೆ ಅಂದೆ. ಮಡೆಗೆ ಒಂದು ಹಳೆ ಸೊಳ್ಳೆಪರದೆ ಕಟ್ಟಿಕೋ ಅಂದಳು. ನನ್ನ ಹುರುಳಿಕಾಯಿ ಬಳ್ಳಿಗೆ ಕಡ್ಡಿ ಬೇಕು, ನಿನ್ನ ಡಯಂಚವನ್ನು ನಾನು ಕೊಳ್ಳುತ್ತೇನೆ ಅಂದೆ. ಕಡ್ಡಿ ಬೇಕಾದವರು ಒಣಗಲಿ ಎಂದು ಕಾಯುತ್ತಾರೆ, ಹಸಿ ಕಡ್ಡಿಗೆ ಅವಸರ ಮಾಡುವವರನ್ನು ಇವತ್ತೇ ನೋಡಿದ್ದು ಅಂದಳು. ಕೊನೆಗೆ ಚಪ್ಪಲಿ ಮೆಟ್ಟಿಕೊಂಡೆ, ನಿಧಾನವಾಗಿಯೇ ಮೆಟ್ಟಿಕೊಂಡೆ. ಅವಳು ತಡೆಯಲಿಲ್ಲ. ನನ್ನ ವಿದ್ಯೆಯನ್ನು ಅವಳಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರಿದ್ದಾರೆ.

ಸೋತು ಮತ್ತೆ ಕೂತೆ. ಆಗ ಕಂಡಿತು. ಅವಳ ಕಣ್ಣು ನನ್ನ ಮೇಲಿದೆ, ಬಾಯಿ ನನ್ನನ್ನು ಆಡಿಕೊಳ್ಳುತ್ತಿದೆ, ಕೈಗಳು ಮಾತ್ರ ಯಾರನ್ನೂ ಕೇಳದೆ ನಾನು ತಂದ ಚೀಲಕ್ಕೆ ಹೋಗಿ ಅವರೆಕಾಯಿ ಸುಲಿಯುತ್ತಿವೆ. ಸಿಪ್ಪೆ ಒಂದು ಕಡೆ, ಕಾಳು ಮಡಿಲಿಗೆ. ನಾನು ನಾಲ್ಕು ಕಾಯಿ ಸುಲಿಯುವಷ್ಟರಲ್ಲಿ ಅವಳ ಮಡಿಲು ತುಂಬಿತ್ತು. ಮಂಡಿ ಹೋಗಿದೆ ಎಂದು ನಾವೆಲ್ಲ ಅವಳನ್ನು ಪೂರ್ತಿ ಮೂಲೆಗೆ ಕೂರಿಸಿದ್ದೆವು, ಕೈಬೆರಳಿಗೆ ಏನಾಗಿತ್ತು?

ಅವರೆಕಾಳನ್ನು ನೆನೆಹಾಕಿ, ಒಂದೊಂದನ್ನೇ ಎರಡು ಬೆರಳಲ್ಲಿ ಒತ್ತಿ ಸಿಪ್ಪೆಯಿಂದ ಬೇಳೆ ಜಾರಿಸುವ ಕೆಲಸ ನಿಮಗೆ ಗೊತ್ತಿರಬೇಕು. ಹಿತುಕಿದ ಬೇಳೆಯ ಸಾರು ಎಲ್ಲರಿಗೂ ಬೇಕು, ಹಿತುಕುವುದು ಯಾರಿಗೂ ಬೇಡ. ಬಿಳಿಕೆರೆಯಲ್ಲಿ ಕಾರಿನವರು ಗಾಜು ಇಳಿಸಿ ಕೇಳುವುದೇ ಅದನ್ನು. ಇಲ್ಲ ಎಂದರೆ ಗಾಜು ಏರಿಸಿಕೊಂಡು ಹೋಗುತ್ತಾರೆ. ನಾನು ಹೇಳಿದೆ: ನಾನು ನಿನ್ನ ಗದ್ದೆಯಲ್ಲಿ ಬಗ್ಗುತ್ತೇನೆ, ನೀನು ಚಳಿಗಾಲದಲ್ಲಿ ನನ್ನ ಅವರೆಕಾಯಿ ಶೆಡ್ಡಿಗೆ ಬಂದು ಬೇಳೆ ಹಿತುಕು. ದಿನಕ್ಕೆ ದಿನ.

ಅವಳು ಇನ್ನೂ ಎರಡು ಕಾಯಿ ಸುಲಿದಳು. ಆಮೇಲೆ, "ಬಗ್ಗಿದ್ ದಿನಕ್ಕೆ ಕುಂತ ದಿನ ಸಮ ಆಯ್ತದಾ?" ಅಂದಳು. "ಒಂದಕ್ಕೆ ಎರಡು ದಿನ ಹಿತುಕ್ತೀನಿ. ಒಪ್ಪಿದ್ರೆ ಬಾ, ಇಲ್ಲದಿದ್ರೆ ಬುಡು."

ಒಂದಕ್ಕೆ ಒಂದೇ ಸಾಕು ಎಂದು ನಾನು ವಾದಿಸಿದೆ. ಹಿತುಕುವುದು ಎಷ್ಟು ಕಷ್ಟ, ಉಗುರು ಹೇಗೆ ಸವೆಯುತ್ತದೆ, ಕುತ್ತಿಗೆ ಹೇಗೆ ಹಿಡಿಯುತ್ತದೆ ಎಂದೆಲ್ಲ ವರ್ಣಿಸಿದೆ. ಕೆಸರಿನಲ್ಲಿ ಜಿಗಣೆ ಇರುತ್ತದೆ, ಡಯಂಚದ ಬೇರು ಕೈಗೆ ಬರುವಾಗ ಸೊಂಟವೂ ಕಿತ್ತು ಬರುತ್ತದೆ ಎಂದು ಅವಳು ವರ್ಣಿಸಿದಳು. ಕೊಳ್ಳುವವಳು ಬೆಲೆ ಏರಿಸುವುದು, ಮಾರುವವಳು ಇಳಿಸುವುದು. ಇಂಥ ವ್ಯಾಪಾರ ನಾನು ಎಂದೂ ಮಾಡಿರಲಿಲ್ಲ. ಒಳಗಿಂದ ಕೆಂಪಣ್ಣ ಕಾಫಿ ತಂದವನು ನಮ್ಮಿಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಕೊನೆಗೆ ಒಂದಕ್ಕೆ ಎರಡೇ ಆಯಿತು. ನಾನು ಸೋತೆ.

ಕೀಳುವ ದಿನ ಅವಳು ಬದುವಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೊಡೆ ಹಿಡಿದು ಕೂತಿದ್ದಳು. ಕುರ್ಚಿ ಹೊತ್ತು ತಂದ ಕೆಂಪಣ್ಣನನ್ನೂ ಕೆಸರಿಗೆ ಇಳಿಸಿದಳು. ನಾವು ಕಿತ್ತದ್ದಕ್ಕಿಂತ ಬಿಟ್ಟದ್ದೇ ಅವಳ ಕಣ್ಣಿಗೆ ಬೀಳುತ್ತಿತ್ತು. "ಕೋಟೆಯೋಳೆ, ಎಡಗಡೆ ಒಂದು ನಿಂತದೆ ನೋಡು. ನಿಮ್ಮವ್ವನ ಮಾತು ಇನ್ನೂ ಬುಟ್ಟಿಲ್ವಾ?" ಅಂದಳು. ಸಾಲಿನಲ್ಲಿ ನಗು ಎದ್ದಿತು. ಅಂಥ ನಗು ಆ ಗದ್ದೆಯಲ್ಲಿ ಎದ್ದು ಎಷ್ಟು ಕಾಲವಾಗಿತ್ತೋ.

ಇಲ್ಲಿ ನಿಮಗೆ ಎರಡು ಬುದ್ಧಿಮಾತು, ಕೇಳದಿದ್ದರೂ ಹೇಳುತ್ತೇನೆ. ಡಯಂಚವನ್ನು ಕುಡುಗೋಲಿನಲ್ಲಿ ಮೇಲಿಂದ ಕೊಯ್ದು ಕೆಲಸ ಮುಗಿಯಿತು ಎನ್ನಬೇಡಿ, ಉಳಿದ ಮೋಟು ಕವಲೊಡೆದು ಮತ್ತೆ ಚಿಗುರುತ್ತದೆ. ಗದ್ದೆಯಲ್ಲಿ ನೀರಿರುವಾಗ, ಮಣ್ಣು ಮೆತ್ತಗಿರುವಾಗ, ಬುಡ ಹಿಡಿದು ಬೇರು ಸಮೇತ ಎಳೆಯಿರಿ. ಕಾಯಿ ಕಟ್ಟಿದ್ದರೆ ಕಿತ್ತದ್ದನ್ನು ಬದುವಿನ ಮೇಲೆ ಬಿಡದೆ ಆಚೆ ಸಾಗಿಸಿ, ಹಸಿರು ಕಾಯಿಯೂ ಬಿಸಿಲಿಗೆ ಬಲಿತುಬಿಡುತ್ತದೆ. ಮುಂದಿನ ಸಲ ನಾಟಿಯಾದ ಮೊದಲ ದಿನಗಳಲ್ಲಿ ಗದ್ದೆಯ ನೀರು ಆರಲು ಬಿಡಬೇಡಿ. ನೀರಿನಡಿಯ ಬೀಜಕ್ಕೆ ಮೊಳೆಯುವ ಧೈರ್ಯ ಕಡಿಮೆ. ಇಷ್ಟು ಮಾಡಿದರೆ ಅರ್ಧ ಗೆದ್ದಿರಿ. ಉಳಿದರ್ಧಕ್ಕೆ ಒಳ್ಳೆಯ ನೆರೆಹೊರೆ ಬೇಕು.

ಭತ್ತ ಬಂತು. ಬಂಪರ್ ಎನ್ನುವ ಹಾಗಲ್ಲ, ನಾಚಿಕೆ ಪಡುವ ಹಾಗೂ ಅಲ್ಲ. ವಾರಕ್ಕೆ ಕೇಳಿದವರು ಬಂದಾಗ ಚಿಕ್ಕತಾಯಿ ಅವರಿಗೆ ಕಾಫಿ ಕೊಟ್ಟು, ಅವರ ಹಸುವಿನ ಯೋಗಕ್ಷೇಮ ಕೇಳಿ ಕಳಿಸಿದಳಂತೆ. ಯಾರ ವಿದ್ಯೆ ಎಂದು ನಾನು ಕೇಳಲಿಲ್ಲ.

ಚಳಿ ಶುರುವಾಯಿತು. ಕೆಂಪಣ್ಣ ಬೆಳಿಗ್ಗೆ ಆಟೋದಲ್ಲಿ ಅವಳನ್ನು ನನ್ನ ಶೆಡ್ಡಿಗೆ ಇಳಿಸುತ್ತಾನೆ, ಸಂಜೆ ಕರೆದುಕೊಂಡು ಹೋಗುತ್ತಾನೆ. ಕಾಲು ನೀಡಿಕೊಂಡು ಕೂತು, ಮುಂದೆ ಎರಡು ಪಾತ್ರೆ ಇಟ್ಟುಕೊಂಡು, ಕಾಳು ಹಿತುಕುತ್ತ ಊರಿನವರನ್ನೆಲ್ಲ ಅನುಕರಣೆ ಮಾಡುತ್ತಾಳೆ. ಒಂದಕ್ಕೆ ಎರಡು ಎಂದು ಒಪ್ಪಿದ್ದ ದಿನಗಳು ಮುಗಿದವು. ಮರುದಿನ ಬೆಳಿಗ್ಗೆ ನೋಡಿದರೆ ಆಟೋ ಬಂದು ನಿಂತಿದೆ. ಅದರ ಮರುದಿನವೂ. ಲೆಕ್ಕ ತಪ್ಪಿರಬೇಕು, ಅವಳಿಗೆ ನೋವಾಗದ ಹಾಗೆ ಹೇಳೋಣವೆಂದು ಕಾದು, ಒಂದು ದಿನ ಅವಳ ಪಕ್ಕದಲ್ಲೇ ಕೂತು ಹಿತುಕುತ್ತ ಮೆಲ್ಲಗೆ ಹೇಳಿದೆ: ನಿನ್ನ ಮುಯ್ಯಿ ಆವಾಗಲೇ ತೀರಿತು ಕಣೇ, ಇನ್ನು ಬಂದರೆ ಕೂಲಿ ಕೊಡಬೇಕಾಗುತ್ತದೆ.

ತಲೆಯೆತ್ತಲಿಲ್ಲ. "ಕೂಲಿ ಯಾರು ಕೇಳಿದ್ರು? ಹೋದ ವರ್ಸ ಬಿದ್ದಿದ್ ಬೀಜ ಎಲ್ಲಾ ಈ ವರ್ಸವೇ ಹುಟ್ಬುಡ್ತದಾ? ಅರ್ಧ ಇನ್ನೂ ಮಣ್ಣಲ್ಲಿ ಮಲಗದೆ. ಮುಂದಿನ ವರ್ಸ ಅದನ್ನ ಕೀಳಾಕೆ ನೀನು ಬರ್ಬೇಕಲ್ಲ, ಆ ದಿನಗಳು ಇವು. ಈಗ್ಲೇ ಕೊಟ್ಟಿದೀನಿ ಕಣಮ್ಮಿ, ತಪ್ಪಿಸ್ಕಳಾಕಾಗಲ್ಲ."

ಹೇಳದೆ ಕೇಳದೆ ನನ್ನ ಬೆನ್ನನ್ನು ಮುಂದಿನ ವರ್ಷಕ್ಕೆ ಕೊಂಡಿದ್ದಳು. ನಾಲ್ಕು ತಾಲ್ಲೂಕಿನಲ್ಲಿ ಹೆಸರು ಮಾಡಿದ ವ್ಯಾಪಾರಿ ನಾನು, ಇನ್ನೊಂದು ಹಿಡಿ ಕಾಳು ಎಳೆದುಕೊಂಡು ಹಿತುಕತೊಡಗಿದೆ. ಆದರೆ ಅವಳು ಹೇಳಿದ್ದು ಸುಳ್ಳಲ್ಲ. ಡಯಂಚದ ಬೀಜದ ಸಿಪ್ಪೆ ಬಹಳ ಗಟ್ಟಿ. ಕೆಲವು ಒಂದು ವರ್ಷಕ್ಕೆ ಏಳುತ್ತವೆ, ಕೆಲವು ಮಗ್ಗುಲು ಬದಲಿಸಿ ಇನ್ನೂ ಮಲಗುತ್ತವೆ. ಎಷ್ಟು ವರ್ಷ ಮಲಗುತ್ತವೆ ಎಂದು ಕೃಷಿ ಇಲಾಖೆಯವರನ್ನು ಕೇಳಿದರೆ ಹೇಳಬಹುದು. ರೈತ ಸಂಪರ್ಕ ಕೇಂದ್ರ ನಮ್ಮ ಬಸ್‌ಸ್ಟಾಂಡಿನ ಹತ್ತಿರವೇ ಇದೆ, ವಾರಕ್ಕೆರಡು ಸಲ ಅದರ ಮುಂದೆಯೇ ಓಡಾಡುತ್ತೇನೆ. ಇನ್ನೂ ಒಳಗೆ ಹೋಗಿ ಕೇಳಿಲ್ಲ. ಕೇಳುವ ಯೋಚನೆಯೂ ಇಲ್ಲ.